ಹಿಂದಿನ ಎಡ ಬಾಗಿಲು

ಕಾರಿನ ಹಿಂದಿನ ಎಡ ಬಾಗಿಲನ್ನು ಮೂರನೆಯ ಸಲ ಮುಚ್ಚಿ ಅವಳು ಕಿವಿಗೊಟ್ಟಳು. 'ದಪ್' ಎಂದು ಕೂತು ಸುಮ್ಮನಾಗಬೇಕಿದ್ದ ಬಾಗಿಲು, ಕೂತ ಮೇಲೆ ಸಣ್ಣದಾಗಿ 'ಚ್' ಎಂದಿತು. ಮಾತು ಮುಗಿಸಿದವರು ಕೊನೆಗೊಂದು ಕೊಂಕು ಸೇರಿಸಿದ ಹಾಗೆ.

ಎತ್ತಿದ ಅವಳ ಎಡಗೈ ಇನ್ನೂ ಮೇಲೇ ಇತ್ತು. ಆ ಕೈ ಇಳಿಯುವವರೆಗೆ ಆಸುಪಾಸಿನವರು ಯಾರೂ ಬೋಲ್ಟು ಬಿಗಿಯುವ ಏರ್ ಗನ್ ಒತ್ತುತ್ತಿರಲಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು. ಹದಿನೆಂಟು ವರ್ಷದ ಹಿಂದೆ, ಈ ಕಾರ್ಖಾನೆಯಲ್ಲಿ ಕಾರುಗಳು ಒಂದರ ಬೆನ್ನಿಗೊಂದು ಬರುತ್ತಿದ್ದಾಗ, ಈ ಗದ್ದಲದಲ್ಲಿ ಬಾಗಿಲಿನ ಸದ್ದು ಹೇಗೆ ಕೇಳಿಸಿಕೊಳ್ಳಲಿ ಎಂದು ಅವಳು ಅಳುಮೋರೆ ಮಾಡಿ ಕೈ ಎತ್ತಿದ್ದಳು. ಎಲ್ಲರೂ ನಕ್ಕು ಕೆಲಸ ನಿಲ್ಲಿಸಿದ್ದರು. ಅಂದಿನಿಂದ ಅದೇ ರೂಢಿ. ಈಗ ಕಾರು ಜೋಡಿಸುವ ಮೂರು ಲೈನುಗಳಲ್ಲಿ ಎರಡಕ್ಕೆ ಟಾರ್ಪಾಲು ಹೊದಿಸಿದ್ದಾರೆ. ಕೈ ಎತ್ತದಿದ್ದರೂ ಕೇಳಿಸುವಷ್ಟು ಮೌನ. ಆದರೂ ಅವಳು ಎತ್ತುತ್ತಾಳೆ, ಅವರು ನಿಲ್ಲಿಸುತ್ತಾರೆ.

ಕೈ ಇಳಿಸಿ, ಬಾಗಿಲಿನ ಅಂಚಿನುದ್ದಕ್ಕೂ ಕೂರಿಸಿದ್ದ ಕಪ್ಪು ರಬ್ಬರಿನ ಮೇಲೆ ಬೆರಳಾಡಿಸಿದಳು. ಮೇಲಿನ ಮೂಲೆಯಲ್ಲಿ ಉಗುರಿಗೆ ಏನೋ ತಡೆಯಿತು.

"ಜೋಡಿಸಿದ್ದೀಯಾ?"

ರಬ್ಬರು ಕೂರಿಸುವವನಿಗೆ ವೇದಾಂತಿ ಎಂದೇ ಹೆಸರು, ಎಲ್ಲದಕ್ಕೂ ಒಂದು ತತ್ವ ಒದಗಿಸುತ್ತಿದ್ದುದರಿಂದ. ಅವನು ತೋಳಿನಿಂದ ಮುಖ ಒರೆಸಿಕೊಂಡ. "ಎರಡು ತುಂಡು ಸೇರಿಸಿ ಅಂಟಿಸಿದೆ ಅಕ್ಕಾ. ಸ್ಟೋರಲ್ಲಿ ಉಳಿದಿದ್ದೇ ಅದು. ರಬ್ಬರ್ ಕಳಿಸೋರು ಎರಡು ವಾರದಿಂದ ಫೋನೇ ಎತ್ತಲ್ಲ. ನಾವು ಇರ್ತೀವೋ ಇಲ್ವೋ ಅಂತ ಅವರಿಗೂ ಅನುಮಾನ. ಈ ಪ್ರಪಂಚದಲ್ಲಿ ಯಾವುದು ತಾನೇ ಅಖಂಡ, ಹೇಳಿ?"

"ವೇದಾಂತ ಆಮೇಲೆ. ಮಳೆ ಬಂದ್ರೆ ಇಲ್ಲಿಂದ ನೀರು ಎಲ್ಲಿಗಿಳಿಯತ್ತೆ?"

"ಹಿಂದಿನ ಸೀಟಿಗೆ."

"ಅಲ್ಲಿ ಯಾರು ಕೂರ್ತಾರೆ?"

ಅವಳು ಮೇಲಂಗಿಯ ಜೇಬಿನಿಂದ ಕೆಂಪು ಚೀಟಿ ತೆಗೆದು ಕಾರಿನ ಗಾಜಿಗೆ ಅಂಟಿಸಿದಳು. ಕೆಂಪು ಚೀಟಿ ಬಿದ್ದ ಕಾರು ಮುಂದೆ ಹೋಗುವಂತಿಲ್ಲ. ಅದರ ಹಿಂದಿನವೂ ಹೋಗುವಂತಿಲ್ಲ. ಲೈನು ನಿಂತಿತು.

ಮೇಲ್ವಿಚಾರಕ ಓಡುತ್ತಲೇ ಬಂದ. ಇವತ್ತಿಗೆಂದೇ ಇಸ್ತ್ರಿ ಮಾಡಿಸಿದ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ಅವಳ ಕಣ್ಣೆದುರೇ ಕೆಲಸ ಕಲಿತು ಮೇಲೇರಿದವನು. ಎಷ್ಟು ಸಿಟ್ಟು ಬಂದರೂ ಅಕ್ಕ ಎನ್ನುವುದನ್ನು ಬಿಟ್ಟಿರಲಿಲ್ಲ.

"ಅಕ್ಕಾ, ಇವತ್ತೇ ಆಗಬೇಕಿತ್ತಾ? ಅರ್ಧ ಗಂಟೇಲಿ ಆ ಕಂಪನಿಯವರು ಬರ್ತಾರೆ. ನಮ್ಮನ್ನ ಕೊಂಡ್ಕೋಬೇಕೋ ಬೇಡ್ವೋ ಅಂತ ನೋಡಿ ಹೇಳೋರು. ಅವರು ಬೇಡ ಅಂದ್ರೆ ತಿಂಗಳ ಕೊನೆಗೆ ಗೇಟಿಗೆ ಬೀಗ. ನಿಂತಿರೋ ಲೈನ್ ತೋರಿಸ್ಲಾ ಅವರಿಗೆ?"

ಇದೆಲ್ಲ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗ್ಯಾಸ್ ಆರಿಸಿದೆನೇ ಎಂದು ಬೀದಿಯ ತುದಿಯಿಂದ ವಾಪಸು ಹೋಗಿ ನೋಡುವ ಹೆಂಗಸು ಅವಳು. ಪೇಂಟ್ ವಿಭಾಗದಲ್ಲಿದ್ದ ಗಂಡನನ್ನು ಹೋದ ವರ್ಷವೇ ಮನೆಗೆ ಕಳಿಸಿದ್ದರು. ಮನೆ ನಡೆಯುತ್ತಿದ್ದದ್ದು ಈಗ ಇವಳ ಈ ಎರಡು ಕಿವಿಗಳ ಮೇಲೆ. ಆದರೂ ಅಂಗೈಯನ್ನು ಚೀಟಿಯ ಮೇಲೆ ಒತ್ತಿ ಹಿಡಿದಳು.

"ದಿನಾ ಪೇಪರಲ್ಲಿ ನಮ್ಮ ಕಥೆ ಮುಗೀತು ಅಂತ ಬರೀತಾರೆ. ಅದನ್ನ ಓದಿಯೂ ನಮ್ಮ ಕಾರೇ ಬೇಕು ಅಂತ ಯಾರೋ ಕಾಯ್ತಾ ಇದ್ದಾರೆ. ಅವರಿಗೆ ಸೋರೋದನ್ನ ಕೊಡ್ಲಾ?"

"ಹಾಗಾದ್ರೆ ರಬ್ಬರ್ ಎಲ್ಲಿಂದ ತರ್ತೀರಾ? ಆಕಾಶದಿಂದ ಉದುರತ್ತಾ?"

ಅವಳು ಗಾಜಿನ ಬಾಗಿಲಿನಾಚೆ ನೋಡಿದಳು. ಮುಂದಿನ ಹಾಲಿನಲ್ಲಿ, ಎತ್ತರಿಸಿದ ಕಟ್ಟೆಯ ಮೇಲೆ, ಇದೇ ಮಾದರಿಯ ಹೊಸ ಕಾರು ನಿಂತಿತ್ತು. ಬೆಳಿಗ್ಗೆಯಿಂದ ಅದನ್ನು ಒರೆಸಿದ್ದೇ ಒರೆಸಿದ್ದು.

"ಅಲ್ಲಿದೆಯಲ್ಲ."

"ಅದು ಅವರಿಗೆ ತೋರಿಸೋಕೆ ಇಟ್ಟಿರೋದು!"

"ಗೊತ್ತು. ಸೂರಿನ ಕೆಳಗೆ ನಿಂತಿರೋ ಕಾರಿಗೆ ಮಳೆ ಹೊಡೆಯಲ್ಲ."

"ನನ್ನ ಕೆಲಸ ಹೋಗತ್ತೆ ಅಕ್ಕಾ."

"ನನ್ನದೂ ಹೋಗತ್ತೆ. ಹೋಗೋದೇ ಆದ್ರೆ, ನೆಟ್ಟಗೆ ಮುಚ್ಚೋ ಬಾಗಿಲು ಮಾಡಿಟ್ಟು ಹೋಗೋಣ."

"ಅಕ್ಕಾ, ಇಂಥ ಮಾತು ನನ್ನ ಪಾಲಿಂದು," ಎಂದ ವೇದಾಂತಿ, ಆಗಲೇ ರಬ್ಬರು ಪಟ್ಟಿ ಎಬ್ಬಿಸುವ ಮರದ ಚೂರನ್ನು ಕೈಗೆತ್ತಿಕೊಂಡು.

ಮೇಲ್ವಿಚಾರಕ ಬೆನ್ನು ತಿರುಗಿಸಿ ಗೇಟಿನ ಕಡೆ ನಡೆದ.

ಒರೆಸುತ್ತಿದ್ದವರು ಬಟ್ಟೆ ಹಿಡಿದುಕೊಂಡು ನೋಡುತ್ತಿದ್ದಂತೆಯೇ, ಇಬ್ಬರೂ ಕಟ್ಟೆ ಹತ್ತಿ ಪ್ರದರ್ಶನದ ಕಾರಿನ ಹಿಂದಿನ ಎಡ ಬಾಗಿಲು ತೆಗೆದರು. ರಬ್ಬರು ಎಲ್ಲೂ ಹರಿಯದೆ, ಉದ್ದನೆಯ ಜಡೆಯಂತೆ ಬಿಚ್ಚಿಕೊಂಡು ಬಂತು. ವೇದಾಂತಿ ಅದನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಲೈನಿನ ಕಾರಿಗೆ ಅದನ್ನು ಮೂಲೆಯಿಂದ ಮೂಲೆಗೆ ಒತ್ತಿ ಕೂರಿಸಿ ಮುಗಿಸುವಷ್ಟರಲ್ಲಿ ಹೊರಗೆ ವಾಹನಗಳು ಬಂದು ನಿಂತ ಸದ್ದಾಯಿತು.

ಮುಂದಿನ ಹಾಲಿನಲ್ಲಿ ಮಾತು, ಬೂಟುಗಳ ಸಪ್ಪಳ. ಆಮೇಲೆ ಯಾರೋ ಒಂದು ಬಾಗಿಲು ಮುಚ್ಚಿದರು.

ಖಾಲಿ ಡಬ್ಬ ಬಿದ್ದಂಥ ಸದ್ದು. ನೋಡದೆಯೇ ಅವಳಿಗೆ ತಿಳಿಯಿತು, ಯಾವ ಬಾಗಿಲೆಂದು. ನಾಲ್ಕು ಬಾಗಿಲುಗಳಲ್ಲಿ ಅವರಿಗೆ ಅದೇ ಸಿಗಬೇಕೇ!

"ಇದೇನ್ರೀ ಹೀಗೆ?" ಹಿರಿಯನೊಬ್ಬನ ದನಿ.

ಅವಳು ಆ ಕಡೆಗೆ ಕಿವಿಗೊಟ್ಟಳು.

"ಅದರ ರಬ್ಬರ್ ಒಳಗಡೆ ಒಂದು ಕಾರಿಗೆ ಬೇಕಾಗಿತ್ತು ಸರ್," ಮೇಲ್ವಿಚಾರಕ ಹೇಳುತ್ತಿದ್ದ. "ಅದು ಗಿರಾಕಿ ಮನೆಗೆ ಹೋಗೋ ಕಾರು. ತೆಗೆಸಿದ್ದು ನಾನೇ."

ಅವರು ಒಳಗೆ ಬಂದರು. ನರೆತ ಕೂದಲಿನ ಹಿರಿಯ, ಅವನ ಹಿಂದೆ ಫೈಲು ಹಿಡಿದ ನಾಲ್ವರು, ಎಲ್ಲರಿಗಿಂತ ಹಿಂದೆ ಮೇಲ್ವಿಚಾರಕ. ಹಿರಿಯ ಟಾರ್ಪಾಲು ಹೊದ್ದ ಲೈನುಗಳನ್ನು ನೋಡಿದ, ಕೆಂಪು ಚೀಟಿಯನ್ನು ನೋಡಿದ.

"ಇದೇನಾ ಆ ಕಾರು?"

"ಇದೇ," ಎಂದಳು ಅವಳು. "ಇನ್ನೂ ಪಾಸಾಗಿಲ್ಲ."

ಎಡಗೈ ಎತ್ತಿದಳು. ಏರ್ ಗನ್‌ಗಳು ನಿಂತವು. ಬಾಗಿಲನ್ನು ಹಗುರವಾಗಿ ತಳ್ಳಿದಳು. ದಪ್. ಅದರಾಚೆ ಏನೂ ಇಲ್ಲ.

ಹಿರಿಯ ತಲೆಯಾಡಿಸಿದ. ಮೆಚ್ಚಿದ್ದೋ, ಸುಮ್ಮನೆ ಆಡಿಸಿದ್ದೋ ಹೇಳುವುದು ಕಷ್ಟವಿತ್ತು. ಅವಳು ಕಾರನ್ನು ಸುತ್ತಿಕೊಂಡು ಬಲಗಡೆಗೆ ಹೋಗುವಷ್ಟರಲ್ಲಿ ಅವನು ತನ್ನವರ ಕಡೆ ತಿರುಗಿ ಮಾತು ಶುರುಮಾಡಿದ್ದ. "ಈ ಪ್ಲಾಂಟ್ ನಡೆಸೋದು ಕಷ್ಟ. ಇವರ ಹೆಸರು ಒಂದನ್ನೇ ತಗೊಂಡು ಕಾರು ನಮ್ಮಲ್ಲೇ ಮಾಡಿದ್ರೆ..."

ಬಲಬದಿಯ ಎರಡು ಬಾಗಿಲುಗಳು ಇನ್ನೂ ಬಾಕಿ ಇದ್ದವು.

ಅವಳು ಮತ್ತೆ ಕೈ ಎತ್ತಿದಳು. ಈ ಸಲ ಏರ್ ಗನ್‌ಗಳ ಕಡೆಗಲ್ಲ, ಮಾತಾಡುತ್ತಿದ್ದವರ ಕಡೆಗೆ. ಕೈ ಇಳಿಯಲಿಲ್ಲ. ವೇದಾಂತಿ ಅವರ ಕಡೆ ನೋಡಿದ. ಲೈನಿನುದ್ದಕ್ಕೂ ನಿಂತವರೆಲ್ಲ ನೋಡಿದರು. ಹಿರಿಯನ ಮಾತು ಅರ್ಧಕ್ಕೆ ನಿಂತಿತು.

ಎಲ್ಲ ಸದ್ದೂ ಅಡಗಿದ ಮೇಲೆ, ಅವಳು ಇನ್ನೊಂದು ಕೈಯನ್ನು ಬಾಗಿಲ ಮೇಲಿಟ್ಟು, ಕಿವಿಗೊಡಲು ತಲೆ ಸ್ವಲ್ಪ ಬಗ್ಗಿಸಿದಳು.