ತಂಪುಗಲ್ಲು

ಕೆರಿಯ ತೀರಿಕೊಂಡ ಸುದ್ದಿ ತ್ಯಾಗಲಿ ಊರಿಗೆ ಬಂದದ್ದು ಬುಧವಾರ ಮಧ್ಯಾಹ್ನ, ಅವನ ಅಣ್ಣ ಜಟ್ಟಪ್ಪ ಊಟಕ್ಕೆಂದು ಕೈ ತೊಳೆಯುತ್ತಿದ್ದಾಗ. ವಜ್ರಳ್ಳಿಯ ಮಗಳ ಮನೆಗೆ ಹೊರಟಿದ್ದ ಕೆರಿಯ ಯಲ್ಲಾಪುರದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತವನು ಕುಳಿತಂತೆಯೇ ಹೋಗಿಬಿಟ್ಟಿದ್ದ. ಪಕ್ಕದವರು ನಿದ್ದೆ ಎಂದುಕೊಂಡಿದ್ದರಂತೆ. ಎರಡು ಬಸ್ಸು ಹೋದರೂ ಮನುಷ್ಯ ಏಳಲಿಲ್ಲವೆಂದು ಚಹಾದಂಗಡಿಯವನು ಬಂದು ಭುಜ ಮುಟ್ಟಿ ನೋಡಿದ; ಆಮೇಲೆ ಅವನ ಜೇಬಿನಲ್ಲಿದ್ದ ಫೋನಿನಿಂದಲೇ ಕರೆ ಮಾಡಿದ.

"ಇದ್ರಲ್ಲಿ ಅಣ್ಣ ಅಂತ ಒಂದು ನಂಬರ್ ಇದೆ. ನೀವೇನಾ?"

ಜಟ್ಟಪ್ಪ ಒದ್ದೆ ಕೈಯಲ್ಲೇ ಫೋನು ಹಿಡಿದು ಹೌದು ಎಂದ.

ಅಣ್ಣತಮ್ಮಂದಿರಿಬ್ಬರೂ ಕಲ್ಲುಕೆಲಸದವರು. ಮೂವತ್ತೈದು ವರ್ಷ ಒಬ್ಬ ದಾರ ಹಿಡಿದರೆ ಇನ್ನೊಬ್ಬ ಕಲ್ಲು ಕೂರಿಸಿದ್ದ. ಈಚಿನ ವರ್ಷಗಳಲ್ಲಿ ಅವರಿಗೆ ಬರುತ್ತಿದ್ದುದು ಹೊಸ ಬಗೆಯ ಕೆಲಸ. ಹೋಂಸ್ಟೇ ಮಾಡುವವರು ಹಿತ್ತಿಲಲ್ಲಿ ಮರದ ಹಲಗೆಯ ಜಗುಲಿ ಕೇಳುತ್ತಿದ್ದರು. ಅದಕ್ಕೆ ಡೆಕ್ ಎನ್ನುತ್ತಿದ್ದರು. ಅದರ ಮುಂದೆ ಒರಟು ಕಲ್ಲಿನ ಹಾಸು, ನಡುವೆ ಬೆಂಕಿಗುಂಡಿ, ಸುತ್ತ ಕೂರಲು ಚಿರೆಕಲ್ಲಿನ ಕಟ್ಟೆ.

ಅವರ ಕಡೆಯ ಕೆಲಸ ಬನವಾಸಿ ರಸ್ತೆಯ ಪಾರ್ವತವ್ವನ ಮನೆಯದು. ನಕ್ಷೆ ಬರೆದವಳು ಆಕೆಯ ಮೊಮ್ಮಗನ ಹೆಂಡತಿ ಶಿವರಂಜನಿ. ಜಾಣೆ, ಹೇಳಿದರೆ ಕೇಳುವವಳು. ಡೆಕ್ಕನ್ನು ಆಕೆ ಗುಂಡಿಯ ಪಕ್ಕದಲ್ಲೇ ಬರೆದಿದ್ದಳು. ಕೆರಿಯ ತೆಂಗಿನ ಸಿಪ್ಪೆ ಹೊತ್ತಿಸಿ, ಹೊಗೆ ಯಾವ ಕಡೆ ಹೋಗುತ್ತದೆಂದು ಮೂರು ಸಂಜೆ ತೋರಿಸಿದ ಮೇಲೆ ಹನ್ನೆರಡು ಅಡಿ ಹಿಂದಕ್ಕೆ ಸರಿಸಿದಳು. ಒಂದೇ ಒಂದು ಮಾತಿಗೆ ಹಟ ಹಿಡಿದಿದ್ದಳು.

"ಗುಂಡಿ ಸುತ್ತ ಹೊಳ್ಯಾಗಿನ ದುಂಡನ ಕಲ್ಲು ಇಡೂಣ್ರಿ ಅಜ್ಜಾ. ಫೋಟೋದಾಗ ಎಷ್ಟ್ ಚಂದ ಕಾಣ್ತಾವ ನೋಡ್ರಿ."

"ಚಂದ ಕಾಣ್ತದೆ ತಂಗೀ," ಎಂದಿದ್ದ ಜಟ್ಟಪ್ಪ. "ಹೊಳೆಕಲ್ಲು ಹೊಟ್ಟೆಯೊಳಗೆ ನೀರು ಇಟ್ಕಂಡಿರ್ತದೆ. ಬೆಂಕಿ ತಾಗಿದ್ರೆ ಆ ನೀರಿಗೆ ಹೊರಗೆ ಬರೂಕೆ ದಾರಿ ಇಲ್ಲೆ. ಸಿಡಿದು ಕಣ್ಣಿಗೆ ಬಡೀತದೆ."

"ನಿಮ್ಮ ಗಿರಾಕಿಗೆ ದಿನಾ ದೀಪಾವಳಿ ಬೇಕು ಅಂದ್ರೆ ಇಡುವ ಅಮ್ಮಾ, ನಂದೆಂತ ತಕರಾರಿಲ್ಲೆ," ಎಂದು ಕೆರಿಯ ನಕ್ಕಿದ್ದ. ಆಕೆಯೂ ನಕ್ಕು, ಸುತ್ತ ಬೆಂಕಿ ತಡೆಯುವ ಇಟ್ಟಿಗೆಯನ್ನೇ ಒಪ್ಪಿಕೊಂಡಿದ್ದಳು.

ಗುಂಡಿಯ ತಳ ಮುಗಿಸುವ ದಿನ ಜಟ್ಟಪ್ಪ ಕಣ್ಣು ತೋರಿಸಲು ಶಿರಸಿಗೆ ಹೋಗಿದ್ದ. ಕೆರಿಯನೊಬ್ಬನೇ ಮುಗಿಸಿ ಬಂದ. ಅದಾಗಿ ನಾಲ್ಕನೆಯ ದಿನ ಅವನಿಲ್ಲ.

ಭಾನುವಾರ ಗಂಜಿ ಉಂಡು ಕುಳಿತಿದ್ದಾಗ ಕೆರಿಯನ ಹೆಂಡತಿ ಸುಬ್ಬಿ ತನ್ನಷ್ಟಕ್ಕೆ ಮಾತಾಡತೊಡಗಿದಳು. ಐದು ದಿನದಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಇವತ್ತೇ ಅಲ್ದಾ ಭಾವ, ಬನವಾಸಿ ಬದಿಯವ್ರ ಮನೇಲಿ ಮೊದಲ ಬೆಂಕಿ ಹಾಕೂದು? ನಮ್ಮನ್ನೂ ಕರೆದಿದ್ರಡ. ಇವ್ರಿಗೆ ಎಷ್ಟು ಖುಷಿ! ವರದಾ ಹೊಳೆಗೆ ಇಳಿದು ತಂಪುಗಲ್ಲು ಆರಿಸಿ ತಂದಿಟ್ರಡ. ಅಣ್ಣ ಇಲ್ಲೆ ಅಂತ ಪದ್ಧತಿ ಬಿಡೂಕಾಗ್ತದಾ ಅಂದ್ರು."

ಜಟ್ಟಪ್ಪ ಕುಳಿತಲ್ಲಿಂದ ಎದ್ದು ನಿಂತ.

ತಂಪುಗಲ್ಲು ಅವರ ಮನೆತನದ ಪದ್ಧತಿ. ಯಾರ ಮನೆಯ ಒಲೆ ಕಟ್ಟಿದರೂ ಅಡಿಯಲ್ಲಿ ಹೊಳೆಯಿಂದ ತಂದ ಒಂದು ಕಲ್ಲಿಟ್ಟು ಕೈಮುಗಿಯುವುದು. ಬೆಂಕಿಯ ಕೆಳಗೆ ಗಂಗೆಯಿದ್ದರೆ ಆ ಮನೆಗೆ ಬೆಂಕಿಯ ಭಯವಿಲ್ಲ ಎಂಬ ನಂಬಿಕೆ. ಅಡಿಗೆಯ ಒಲೆಯಲ್ಲಿ ಆ ಕಲ್ಲು ಒಂದು ಮೊಳ ಮಣ್ಣಿನ ಕೆಳಗಿರುತ್ತದೆ. ಕಾವು ಅಲ್ಲಿಗೆ ಇಳಿಯುವುದೇ ಇಲ್ಲ. ಈ ಗುಂಡಿಯ ತಳ ಹಾಗಲ್ಲ. ಮಳೆಯ ನೀರು ನಿಲ್ಲಬಾರದೆಂದು ಕೆಳಗೆ ಜಲ್ಲಿ ಬಡಿದು, ಮೇಲೆ ನಾಲ್ಕೇ ಬೆರಳು ಮರಳು ಹಾಸಿದ್ದು. ನಾಲ್ಕು ಬೆರಳು ಸಾಕು ಎಂದವನು ಜಟ್ಟಪ್ಪನೇ. ಹೊಳೆಕಲ್ಲು ಸಿಡಿಯುತ್ತದೆ ಎಂದು ಪರರ ಮಗಳಿಗೆ ಅಷ್ಟು ಹೊತ್ತು ಬುದ್ಧಿ ಹೇಳಿದ ಅಣ್ಣತಮ್ಮಂದಿರಿಗೆ, ತಂಪುಗಲ್ಲೂ ಹೊಳೆಯ ಕಲ್ಲೇ ಎಂದು ಹೊಳೆಯಲಿಲ್ಲ. ಅದನ್ನು ಅವರು ಕಲ್ಲೆಂದು ಎಣಿಸಿದ್ದೇ ಇಲ್ಲ.

ಶಿವರಂಜನಿಗೆ ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದ.

"ಎಂತಾತು ಭಾವ?" ಎಂದಳು ಸುಬ್ಬಿ.

"ಎಂತದೂ ಇಲ್ಲೆ. ನಾ ಬನವಾಸಿ ಬದಿಗೆ ಹೋಗಿ ಬರ್ತೆ."

"ಸೂತಕದಲ್ಲಿ? ಅವ್ರ ಮನೆ ಶುಭಕಾರ್ಯಕ್ಕೆ?"

ಅವನು ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕದೆ ಹೊರಟ.

ಶಿರಸಿಗೆ ಹೋಗುವ ಬಸ್ಸು ಪ್ರತಿ ತಿರುವಿನಲ್ಲೂ ನಿಂತಂತೆ ಅವನಿಗೆ ಕಂಡಿತು. ಏಳು ಸಲ ಫೋನು ಮಾಡಿದ. ಕಣ್ಣು ಮುಚ್ಚಿದರೆ ಗುಂಡಿಯ ಸುತ್ತ ಕುಳಿತ ಜನ, ತೊಡೆಯ ಮೇಲೆ ಮಕ್ಕಳು. ಸಿಡಿದ ಚೂರಿಗೆ ಯಾರ ಕಣ್ಣು, ಯಾರ ಕೆನ್ನೆ ಎಂಬ ಭೇದವಿಲ್ಲ. ಅದರ ಹಿಂದೆಯೇ ಇನ್ನೊಂದು ಭಯ ಬರುತ್ತಿತ್ತು. ಕೆರಿಯ ಹೋಗಿ ಐದು ದಿನ. ಇನ್ನೂ ದಾರಿಯಲ್ಲಿರುವ ಜೀವ. ಅವನ ಕೈ ಕಡೆಯದಾಗಿ ಇಟ್ಟ ಕಲ್ಲು ಒಂದು ಮಗುವಿನ ರಕ್ತ ಕಂಡರೆ ಆ ಜೀವಕ್ಕೆ ಎಲ್ಲಿಯ ನೆಲೆ? ತಿಮ್ಮಪ್ಪಾ, ಇವತ್ತು ಅವರ ಸೌದೆ ಹತ್ತದಿರಲಿ, ಎಂದು ಮುದುಕ ದಾರಿಯುದ್ದಕ್ಕೂ ಹರಕೆ ಹೇಳಿಕೊಂಡ.

ಶಿರಸಿಯಲ್ಲಿ ಬಸ್ಸು ಬದಲಿಸಿ ಅವನು ಪಾರ್ವತವ್ವನ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಹಿತ್ತಿಲ ಕಡೆಯಿಂದ ಸ್ಪೀಕರಿನ ಹಾಡು, ಅದರ ಜೊತೆಗೆ ಹೊಗೆ. ಸೌದೆ ಹತ್ತಿತ್ತು.

ಜಟ್ಟಪ್ಪ ಗೇಟಿನ ಬಳಿ ನಿಂತು, "ತಂಗೀ! ಶಿವರಂಜನಮ್ಮಾ!" ಎಂದು ಕೂಗಿದ. ಹಾಡಿನಲ್ಲಿ ಆ ಕೂಗು ಮುಳುಗಿತು. ಒಳಗೆ ಕಾಲಿಡಲು ಕಾಲು ಬರಲಿಲ್ಲ. ಅರವತ್ತೆಂಟು ವರ್ಷ ನಡೆಸಿಕೊಂಡು ಬಂದ ಆಚಾರ ಅವನನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು. ಅಂಗಳದ ಕುರ್ಚಿಯಲ್ಲಿ ಕುಳಿತಿದ್ದ ಪಾರ್ವತವ್ವನಿಗೆ ಮಾತ್ರ ಕೇಳಿಸಿತು.

"ಯಾಕೋ ಜಟ್ಟಪ್ಪ, ಬೇಡಾಕ ಬಂದವ್ರಂಗ ಹೊರಗ ನಿಂತಿ? ಬಾ ಒಳಗ. ತಮ್ಮ ಎಲ್ಲಿ?"

"ತಮ್ಮ ಇಲ್ಲೆ ಅವ್ವಾ. ಬುಧವಾರ ಹೋಗ್ಬಿಟ್ಟ. ನಂಗೆ ಸೂತಕ, ಒಳಗೆ ಬರೂಹಂಗಿಲ್ಲೆ. ಬೆಂಕಿ ಹತ್ರ ಇದ್ದವ್ರನ್ನ ಎಬ್ಸಿ, ಬೇಗ! ಅಡೀಲಿ ಹೊಳೆಕಲ್ಲದೆ, ಸಿಡೀತದೆ!"

ಮುದುಕಿಯ ಮುಖ ಬಾಡಿತು. ಆದರೆ ದನಿ ಮೊದಲಿನಂತೆಯೇ ಗಟ್ಟಿಯಾಗಿತ್ತು. "ಲಿಂಗ ಕಟ್ಟಿದ ಮನ್ಯಾಗ ಸೂತಕ ಅನ್ನೂದು ಇಲ್ಲೋ ಯಪ್ಪಾ. ನನಗ ಓಡಾಕ ಕಾಲಿಲ್ಲ, ನಿನಗ ಅದಾವ. ಓಡು!"

ಅವರಿಗಿಲ್ಲದಿದ್ದರೂ ನನಗಿದೆಯಲ್ಲ ಎಂದು ಜಟ್ಟಪ್ಪನ ಮನಸ್ಸು ಒಂದು ಗಳಿಗೆ ಹಿಂಜರಿಯಿತು. ಅಷ್ಟರಲ್ಲಿ ಹಿತ್ತಿಲಲ್ಲಿ ಮಕ್ಕಳು ಕೇಕೆ ಹಾಕಿದವು. ಅವನು ಗೇಟು ದಾಟಿದ.

ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ. ಒಂದು ಹೆಣ್ಣುಮಗು ಕಡ್ಡಿಗೆ ಜೋಳದ ತೆನೆ ಸಿಕ್ಕಿಸಿಕೊಂಡು ಬೆಂಕಿಯ ಮೇಲೆ ಬಗ್ಗಿತ್ತು. ಜಟ್ಟಪ್ಪ ಅದನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಹಿಂದಕ್ಕೆ ಬಿಟ್ಟ.

"ಏಳಿ! ಎಲ್ಲಾ ಡೆಕ್ಕಿನ ಮೇಲೆ ಹೋಗಿ!"

"ಅಜ್ಜಾ, ಏನಾತ್ರಿ?" ಎಂದು ಶಿವರಂಜನಿ ಓಡಿಬಂದಳು. ಯಾರೋ ಬಕೆಟ್ಟು ಎತ್ತಿದರು.

"ನೀರು ಹಾಕೂಕಾಗ್ದು! ಕಾದ ಕಲ್ಲಿಗೆ ನೀರು ಬಿದ್ರೆ ಈಗ್ಲೇ ಒಡೀತದೆ!"

ಅವನು ಸಲಿಕೆ ತೆಗೆದುಕೊಂಡು ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಕಲ್ಲುಹಾಸಿನ ಮೇಲೆ ಹಾಕಿದ. ನಾಲ್ಕನೆಯದನ್ನು ಎಳೆಯುವಾಗ ತಳದಲ್ಲಿ ಠಪ್ಪೆಂದು ಸದ್ದಾಯಿತು. ಮರಳು, ಕೆಂಡ ಮೇಲಕ್ಕೆ ಹಾರಿದವು. ಒಂದು ಚೂರು ಮಗು ನಿಂತಿದ್ದ ಜಾಗವನ್ನು ಹಾದು ಹೋಗಿ ಕಟ್ಟೆಗೆ ಬಡಿಯಿತು. ಇನ್ನೊಂದು ಜಟ್ಟಪ್ಪನ ಮೊಣಕಾಲ ಕೆಳಗೆ ಸೀಳಿತು. ಯಾರೋ ಹಾಡು ನಿಲ್ಲಿಸಿದರು.

ಶಿವರಂಜನಿ ತನ್ನ ದುಪಟ್ಟಾದಿಂದ ಅವನ ಕಾಲು ಕಟ್ಟಿದಳು. "ಹೊಳೀ ಕಲ್ಲು ಬ್ಯಾಡ ಅಂದವ್ರು ನೀವಽ ಅಲ್ರಿ ಅಜ್ಜಾ?"

"ನಾವೇ ತಂಗೀ. ಅಂವ ನಿಮ್ಮ ಮನೆ ತಂಪಾಗಿರ್ಲಿ ಅಂತ ಇಟ್ಟ. ಅದ್ರ ಮೇಲೆ ನಾಲ್ಕು ಬೆರಳೇ ಮರಳು ಸಾಕು ಅಂದಂವ ನಾನು. ಅಂವನ್ನ ಬೈಯೂಕಾಗ್ದು."

"ಯಾರ್ ಬೈತಾರ್ರಿ," ಎಂದು ಅವಳು ತಲೆ ತಗ್ಗಿಸಿದಳು.

ಗೋಡೆ ಹಿಡಿದುಕೊಂಡು ಅಷ್ಟು ದೂರ ನಡೆದು ಬಂದಿದ್ದ ಪಾರ್ವತವ್ವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿರ ಕರೆದು, ಕೈ ಕಾಲು ಮುಖ ಮುಟ್ಟಿ ನೋಡಿದಳು. "ಯಾರಿಗೂ ಏನೂ ಆಗಿಲ್ಲಪಾ," ಎಂದಳು. ಆಮೇಲೆ ಹೆಬ್ಬೆರಳಿನಿಂದ ಜಟ್ಟಪ್ಪನ ಹಣೆಗೆ ವಿಭೂತಿ ಹಚ್ಚಿ, "ಕುಂಡ್ರು. ನಿನ್ನ ತಮ್ಮಗ ಇಲ್ಲೇ ಒಂದು ಮಾತು ಹೇಳಿ ಕಳಸು," ಎಂದಳು.

ಡೆಕ್ಕಿಗೆ ಸರಿದಿದ್ದ ಜನವೂ ಎದ್ದು ನಿಂತರು. ಆರುತ್ತಿದ್ದ ಕೊಳ್ಳಿಗಳ ನಡುವೆ ಜಟ್ಟಪ್ಪ ಕೈಮುಗಿದ. ಐದು ದಿನದಿಂದ ಬಾರದಿದ್ದ ಕಣ್ಣೀರು ಬಂತು.

"ತಿಮ್ಮಪ್ಪಾ, ಅವನು ಇಟ್ಟದ್ದು ಭಕ್ತಿಯಿಂದ. ಅವನ ಕೈಯಿಂದ ಯಾರಿಗೂ ಕೇಡಾಗದಂತೆ ನೀನು ಕಾದೆ. ತಪ್ಪೇನಿದ್ದರೂ ನನ್ನ ತಲೆಗಿರಲಿ. ನನ್ನ ತಮ್ಮ ಕೆರಿಯನನ್ನು ದಾರಿಯಲ್ಲಿ ನಿಲ್ಲಿಸಬೇಡ. ನಿನ್ನ ಪಾದಕ್ಕೆ ಕರೆದುಕೋ. ಅವನ ಆತ್ಮಕ್ಕೆ ಶಾಂತಿ ಕೊಡು."