ಸೈಕಲ್ ಗಾಲಿಯ ನೆಲವು

ಪುಂಡಿ ನಾರಿನ ಹಗ್ಗಕ್ಕೆ ಒಲೆಯ ಹೊಗೆ ಹಿಡಿದು, ಅದರ ಮೇಲೆ ಬೆಣ್ಣೆಯ ಜಿಡ್ಡು ಕೂತು ಬರುವ ವಾಸನೆ. ದೇವಾಪುರದಲ್ಲಿ ಅಜ್ಜಿ ಬೆಣ್ಣೆಯ ಗಡಿಗೆ ತೂಗುಹಾಕುತ್ತಿದ್ದ ನೆಲವಿನ ಕೆಳಗೆ ನಿಂತರೆ ಅದೇ ವಾಸನೆ. ಸ್ಟೂಲಿನ ಮೇಲೆ ನಿಂತು ಗರ್ಡರಿಗೆ ನೈಲಾನ್ ಹಗ್ಗ ಸುತ್ತುತ್ತಿದ್ದ ಬುದ್ಧಪ್ರಿಯ ಅದನ್ನು ಮೂಸಿದ. ಯಾವ ವಾಸನೆಯೂ ಇರಲಿಲ್ಲ.

ಸುರಪುರದ ಈ ಬಾಡಿಗೆ ಮನೆಯದು ಪರ್ಸಿಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆ. ಮೊಳೆ ಹೊಡೆದರೆ ಸೀಳುತ್ತದೆ. ಅದಕ್ಕೇ ಹಗ್ಗ. ಹಗ್ಗದ ತುದಿಗೆ, ಅಡ್ಡಲಾಗಿ, ಒಂದು ಹಳೆಯ ಸೈಕಲ್ ಗಾಲಿ. ಪಂಕ್ಚರ್ ಅಂಗಡಿಯ ಮೆಹಬೂಬ ತುಕ್ಕು ಉಜ್ಜಿ ಸುಮ್ಮನೆ ಕೊಟ್ಟಿದ್ದ.

"ಅಡಗಿಮನ್ಯಾಗ ಗಾಲಿ ಯಾಕ್ರಿ ಸರ್?" ಎಂದು ಕೊಡುವಾಗ ಕೇಳಿದ್ದ.

"ಬೋಗೋಣಿ ಜೋತು ಹಾಕಾಕ."

"ಹಂಗಾರ ಮನಿ ಓಡತದ ಬಿಡ್ರಿ."

ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವನಿಗೆ ತಂತಿ ಬಗ್ಗಿಸಿ ಕೊಕ್ಕೆ ಮಾಡುವುದು ಹಿತವಾಗಿತ್ತು. ಅಷ್ಟು ಹೊತ್ತು ಯೋಚಿಸಬೇಕಾಗಿರಲಿಲ್ಲ.

ಕಟ್ಟೆಯ ಮೇಲೆ, ಕಿಟಕಿಯಲ್ಲಿ, ನೆಲದ ಮೇಲೆ ಪಾತ್ರೆಗಳು. ಒಂಟಿ ಮನುಷ್ಯನ ಮನೆಗೆ ಹೆಚ್ಚೇ. ಅಂಚಿನಲ್ಲಿ ಕೊರೆದ ಹೆಸರುಗಳು: ಗೊಲ್ಲಾಳಮ್ಮ, ಕಸ್ತೂರಿ, ಮಲ್ಲಿಕಮ್ಮ. ಹಬ್ಬಕ್ಕೆ, ಅವನ ಜ್ವರಕ್ಕೆ, ಕೆಲವೊಮ್ಮೆ ಏನೂ ಇಲ್ಲದಾಗಲೂ ಓಣಿಯವರು ಊಟ ಹಾಕಿ ಕಳಿಸಿದವು. ಉಂಡು, ತೊಳೆದು ಇಟ್ಟಿದ್ದ. ಮರಳಿ ಕೊಟ್ಟಿರಲಿಲ್ಲ.

ಬಂದ ಪಾತ್ರೆಯನ್ನು ಖಾಲಿ ಕಳಿಸುವಂತಿಲ್ಲ. ಏನಾದರೂ ಹಾಕಿಯೇ ಕೊಡಬೇಕು. ಕೊಟ್ಟರೆ ತಿನ್ನುತ್ತಾರೆಯೇ? ಅವನ ಹೆಸರು ಕೇಳಿದೊಡನೆ ಜನಕ್ಕೆ ಅವನ ಕೇರಿ ಗೊತ್ತಾಗುತ್ತಿತ್ತು. ಗೌಡರ ಹಿತ್ತಲಲ್ಲಿ ಅವ್ವನ ತಂಬಿಗೆಗೆ ಮಜ್ಜಿಗೆಯನ್ನು ಎತ್ತರದಿಂದ ಸುರಿಯುತ್ತಿದ್ದುದನ್ನು ಅವನು ನೋಡಿದ್ದ. ಒಮ್ಮೆ ಹುಗ್ಗಿ ಮಾಡಿ, ಮಲ್ಲಿಕಮ್ಮನ ಡಬ್ಬಿ ತುಂಬಿ, ಅವಳ ಬಾಗಿಲ ತನಕ ಹೋಗಿ ಬಂದಿದ್ದ. ಅವಳು ಅದನ್ನು ತಿಪ್ಪೆಗೆ ಸುರಿಯುವುದನ್ನು ತಾನೇ ಕಲ್ಪಿಸಿಕೊಂಡು, ತಾನೇ ನೊಂದು, ಹುಗ್ಗಿಯನ್ನೂ ತಾನೇ ತಿಂದಿದ್ದ. ತರಗತಿಯಲ್ಲಿ ಇಂಥದ್ದನ್ನು ಬಹಳ ಚೆನ್ನಾಗಿ ವಿವರಿಸುತ್ತಿದ್ದ.

ಹಿಡಿಕೆ ಇದ್ದವನ್ನು ಕೊಕ್ಕೆಗೆ ಹಾಕಿದ. ಇಲ್ಲದವುಗಳ ಕುತ್ತಿಗೆಗೆ ಹುರಿ ಬಿಗಿದ. ಗಾಲಿ ಮೆಲ್ಲಗೆ ತಿರುಗಿತು.

"ಸರ್, ಇವತ್ತ ನಳ ಬಂದಿತ್ತೇನ್ರಿ?" ಪಕ್ಕದ ಮನೆಯ ಮಲ್ಲಿಕಮ್ಮ ಒಳಗೆ ಬಂದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ತಲೆ ಎತ್ತಿದಳು. "ಅಯ್ಯ, ಓಣಿ ಮಂದೀನೆಲ್ಲ ಜೋತು ಹಾಕೀರಲ್ರಿ. ನಾನೂ ಅದೀನಿ ನೋಡ್ರಿ, ಅಲ್ಲಿ."

"ಕೊಡಬೇಕಂತಿದ್ದೆ..."

"ಮತ್ತ?"

"ಖಾಲಿ ಹೆಂಗ ಕೊಡ್ಲಿ?"

"ಒಂದ್ ಚಿಟಿಕಿ ಸಕ್ಕರಿ ಹಾಕಿದ್ರ ಆತಿತ್ತು."

ನೀವು ತಿಂತಿದ್ರೇನು ಎಂಬ ಮಾತು ನಾಲಗೆಗೆ ಬಂದು, "ಸಕ್ಕರಿ ಮುಗದಿತ್ರಿ" ಎಂದಾಗಿ ಹೊರಬಿತ್ತು.

ಅವಳು ಅವನ ಮುಖವನ್ನೇ ನೋಡಿದಳು. "ಇರ್ಲಿ ಬಿಡ್ರಿ. ಭಾಳ ಸಂಕೋಚದ ಮನಷ್ಯಾರು ನೀವು."

ಡಬ್ಬಿ ಕೇಳಲಿಲ್ಲ. ಹೋದಳು.

ಹೊಸ್ತಿಲು ಯಾಕೆ ದಾಟಲಿಲ್ಲ? ಅಡುಗೆಮನೆ ಇಕ್ಕಟ್ಟು, ನಡುವೆ ಸ್ಟೂಲು ಬೇರೆ. ಅಷ್ಟೇ ಇರಬಹುದು. ಮಧ್ಯಾಹ್ನವೆಲ್ಲ ಅದನ್ನೇ ತಿರುವಿ ಹಾಕಿದ.

ಹೊತ್ತು ಮುಳುಗುವಾಗ ಎದ್ದು ಅವಳ ಡಬ್ಬಿಯನ್ನು ಇಳಿಸಿದ. ಒಂದು ಕಡೆ ಹಗುರಾಗಿ ಗಾಲಿ ವಾಲಿತು. ಉಳಿದ ಹೆಸರುಗಳು ಒಂದಕ್ಕೊಂದು ಬಡಿದುಕೊಂಡವು. ಡಬ್ಬಿಯ ತುಂಬ ಸಕ್ಕರೆ ಸುರಿದು ಮುಚ್ಚಳ ಒತ್ತಿದ. ಚಿಟಿಕೆಯಷ್ಟಲ್ಲ, ತುಂಬ. ಎರಡೂ ಕೈಯಲ್ಲಿ ಹಿಡಿದು ಬಾಗಿಲು ತಲುಪಿದಾಗ ಮಲ್ಲಿಕಮ್ಮ ಅಲ್ಲೇ ನಿಂತಿದ್ದಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ.

"ಸಜ್ಜಿ ರೊಟ್ಟಿ, ಹಚ್ಕೊಳ್ಳಾಕ ಖಾರದ ಹಿಂಡಿ ಅದಾವ್ರಿ. ಈ ಸಲ ಡಬ್ಬಿ ತಂದಿಲ್ಲ. ಹೊಳ್ಳಿ ಕೊಡೋ ತ್ರಾಸ ನಿಮಗ್ಯಾಕ?"

ಧ್ವನಿಯಲ್ಲಿ ಅಕ್ಕರೆಯಿತ್ತು. ಅದರ ಕೆಳಗೆ ಇನ್ನೇನಾದರೂ ಇದೆಯೇ ಎಂದು ಅವನು ಹುಡುಕಿದ. ಇಲ್ಲ ಅನ್ನಿಸಿತು. ಇದೆ ಅನ್ನಿಸಿತು. ಇದನ್ನು ತಗೊಳ್ರಿ ಎನ್ನುವ ಬದಲು ಡಬ್ಬಿಯನ್ನು ತುಸು ಮುಂದಕ್ಕೆ ಚಾಚಿದ.

ಅವನ ಎರಡೂ ಕೈಗಳು ಚಾಚಿರುವುದನ್ನು ಕಂಡು, ಕತ್ತಲಲ್ಲಿ ತಟ್ಟೆಯೆಂದುಕೊಂಡಳೋ ಏನೋ, ಡಬ್ಬಿಯ ಮುಚ್ಚಳದ ಮೇಲೆ ಪೊಟ್ಟಣವನ್ನು ಮೆಲ್ಲಗೆ ಇಟ್ಟಳು.