ಉಜ್ಜಪ್ಪ ತಂದ ಡ್ರಮ್ಮು

ವಾಸಂತಿ ಬೆಳಗಿನ ಜಾವ ತೀರಿಕೊಂಡಳು. ಕುಪ್ಪಗಡ್ಡೆಯ ಮನೆಯ ನಡುಮನೆಯಲ್ಲಿ ದರ್ಭೆ ಹಾಸಿ ಮಲಗಿಸಿದ್ದರು. ಗಂಡ ಕಮಲಾಕರ ಅವಳ ತಲೆಯ ಬಳಿ ಕೂತವರು ಕೂತೇ ಇದ್ದರು. ಕಾಯಿಲೆಯ ಕೊನೆಯ ದಿನಗಳಲ್ಲಿ ಅವಳು ಕೇಳಿದ್ದು ಒಂದೇ: "ಸಾಗಿಸೋವರೆಗೂ ನನ್ನ ಬಿಟ್ಟು ಎದ್ದು ಹೋಗಬೇಡಿ." ಆಗಲಿ ಎಂದಿದ್ದರು.

ಸೌದೆಗೆಂದು ನೆರೆಮನೆಯ ಕೆಂಪಪ್ಪ ತನ್ನ ಹಿತ್ತಲಿನ ಮಾವಿನಮರ ಕೊಟ್ಟಿದ್ದ. ಸಾವಿನ ಮನೆಗೆ ಹಾಗೆ ಕೊಡುವುದು ಆ ಊರಿನ ನಡವಳಿಕೆ. ಮರ ಉರುಳಿಸಿದ್ದೂ ಆಯಿತು. ಕೊರಡು ಮಾಡುವಾಗ ಕಮಲಾಕರರ ಗರಗಸದ ಯಂತ್ರ ಕೈಕೊಟ್ಟಿತು. ಎಂಜಿನ್ ಅಬ್ಬರಿಸುತ್ತಿತ್ತು, ಚೈನು ಮಾತ್ರ ಅಲುಗಲಿಲ್ಲ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕಿತ್ತು.

ತಮ್ಮನ ಮಗ ಶ್ರೀಕರ ಬಾಗಿಲಲ್ಲಿ ಬಂದು ನಿಂತ. "ದೊಡ್ಡಪ್ಪ, ಚೈನು ಓಡಿಸೋ ಕ್ಲಚ್ ಡ್ರಮ್ಮಿನ ಹಲ್ಲು ಪೂರಾ ಸವೆದಿದೆ. ಶಿಕಾರಿಪುರದ ಅಂಗಡೀಲಿ ಕೇಳಿದೆ, ಮಾಲು ಇಲ್ಲವಂತೆ. ಸಿಕ್ಕಿದ್ರೂ ಕೂರಿಸೋಕೆ ನೀವೇ ಬರಬೇಕು."

ಕಮಲಾಕರ ಹೆಂಡತಿಯ ಮುಖ ನೋಡಿದರು. "ಉಡುತಡಿಯ ಉಜ್ಜಪ್ಪಂಗೆ ಹೇಳು. ಅವನದೂ ಇಂಥದೇ ಗರಗಸ. ಎಂಜಿನ್ ಸುಟ್ಟಿದೆ, ಡ್ರಮ್ ಹೊಸದು."

ಉಜ್ಜಪ್ಪ ಕುರಿಯವನು. ಸುಗ್ಗಿ ಮುಗಿದ ಮೇಲೆ ಇವರ ಗದ್ದೆಯಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಡುತ್ತಿದ್ದ. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಅವನು ಎಂಜಿನ್ ಸುಟ್ಟುಕೊಂಡಾಗ ವಾಸಂತಿ, "ನೀನು ಒಗ್ಗರಣೆಗಾದ್ರೂ ಎಣ್ಣೆ ಹಾಕ್ತೀಯೇನೋ?" ಎಂದು ನಗಾಡಿದ್ದಳು.

ಅವನು ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬಂದ. ಅಂಗಳದಲ್ಲೇ ನಿಂತು ಒಳಗೆ ನೋಡಿ ಕಣ್ಣೊರೆಸಿಕೊಂಡ.

"ಇಡೀ ಗರಗಸಾನೇ ತಂದೀನ್ರಿ. ಬಿಚ್ಚಾಕ ನನಗ ಬರಂಗಿಲ್ಲ. ನೀವು ಹೊರಗ ಬರ್ಬೇಕು."

"ಏಳೋದಿಲ್ಲ ಉಜ್ಜಪ್ಪ. ಅವಳಿಗೆ ಮಾತು ಕೊಟ್ಟಿದೀನಿ."

ಉಜ್ಜಪ್ಪ ಚೀಲವನ್ನು ಜಗಲಿಗೆ ಇಳಿಸಿದ. "ಹಂಗಾರೆ ಅಲ್ಲೇ ಕುಂತು ಹೇಳ್ರಿ. ಬಾಯಿ ನಿಮ್ಮದು, ಕೈ ನಂದು."

ಬಾಗಿಲ ಎದುರಿಗೆ ಜಗಲಿಯ ಮೇಲೆ ಗೋಣಿತಾಟು ಹಾಸಿ ಎರಡೂ ಗರಗಸ ತಂದಿಟ್ಟರು. ಕಮಲಾಕರ ಒಂದು ಮಾತು ಹೇಳುವುದು, ಮತ್ತೆ ನಾರಾಯಣನಾಮಕ್ಕೆ ಮರಳುವುದು, ಹೀಗೆ ಕೆಲಸ ಸಾಗಿತು.

"ಪ್ಲಗ್ ತೆಗೆದು ಆ ತೂತಿಗೆ ಹಗ್ಗ ತುರುಕು. ಪಿಸ್ಟನ್ ಅಲುಗಾಡಬಾರದು. ಈಗ ಕ್ಲಚ್ ಬಿಚ್ಚು."

ಸ್ಪ್ಯಾನರ್ ಕಿರುಗುಟ್ಟಿತು. ಸದ್ದಿನಿಂದಲೇ ಅವರಿಗೆ ತಿಳಿಯಿತು.

"ಎಡಕ್ಕೆ ತಿರುಗಿಸ್ತಾ ಇದೀಯ, ಇನ್ನೂ ಬಿಗಿಯಾಗ್ತದೆ. ಇದರ ಥ್ರೆಡ್ ಉಲ್ಟಾ. ಬಲಕ್ಕೆ."

"ಅಮ್ಮಾರು ಇದ್ದಿದ್ರ ಈಗ ನಗಾಡೋರು ರೀ."

"ನಗಾಡ್ತಿದ್ಳು. ಒತ್ತು."

"ಬಿಡ್ತು ರೀ."

ಉಜ್ಜಪ್ಪ ಹಳೆಯ ಡ್ರಮ್ಮನ್ನು ಎತ್ತಿ ತೋರಿಸಿದ. ಬಟ್ಟಲಿನಂಥ ಡ್ರಮ್ಮು; ಅದರ ಬೆನ್ನಿಗಿದ್ದ ಹಲ್ಲಿನ ಚಕ್ರ ಮುದುಕರ ಒಸಡಿನ ಹಾಗೆ ನುಣ್ಣಗಾಗಿತ್ತು. ತನ್ನ ಗರಗಸದಿಂದಲೂ ಅದೇ ರೀತಿ ಬಿಚ್ಚಿದ. ಬೇರಿಂಗಿಗೆ ಗ್ರೀಸ್ ಸವರಿ, ಹೊಸ ಡ್ರಮ್ ಕೂರಿಸಿ, ಕ್ಲಚ್ಚನ್ನು ಎಡಕ್ಕೆ ಬಿಗಿದ.

"ಹಳೇ ಚೈನು ಹೊಸ ಹಲ್ಲಿಗೆ ಹೊಂದಲ್ಲ," ಎಂದರು ಕಮಲಾಕರ ಸಂಕೋಚದಿಂದ. "ನಿನ್ನ ಚೈನೂ ಬೇಕಾಗ್ತದೆ."

"ಹಾಕೋಣ್ರಿ. ಸುಟ್ಟ ಎಂಜಿನ್ನಿಗೆ ಯಾಕ್ರಿ ಒಡವೆ?"

"ಹಗ್ಗ ತೆಗೆದು ಪ್ಲಗ್ ಹಾಕು, ಮರೀಬೇಡ."

ಶ್ರೀಕರ ಸ್ಟಾರ್ಟರಿನ ದಾರ ಎಳೆದ. ಎಂಜಿನ್ ಶುರುವಾಯಿತು, ಚೈನು ಓಡಿತು. ಉಜ್ಜಪ್ಪನೇ ಗರಗಸ ಎತ್ತಿಕೊಂಡು ಕೊರಡು ಕೊಯ್ಯಲು ಹೋದ. ಕೆಂಪಪ್ಪನ ಹಿತ್ತಲಿನಿಂದ ಗರಗಸದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಕಮಲಾಕರ ಹೆಂಡತಿಯ ತಣ್ಣನೆಯ ಹಣೆಯ ಮೇಲೆ ಕೈಯಿಟ್ಟು ಕೂತಿದ್ದರು. ಅವಳನ್ನು ಎತ್ತಿದಾಗಲೇ ಅವರೂ ಎದ್ದರು.

ಚಿತೆಯ ಕೊರಡುಗಳೆಲ್ಲ ಒಂದೇ ಅಳತೆಗಿದ್ದವು. ಅವಳು ಎಲ್ಲೂ ವಾಲದೆ ಮಲಗಿದಳು. ಮೈತುಂಬ ಮರದಪುಡಿ ಮೆತ್ತಿಕೊಂಡ ಉಜ್ಜಪ್ಪ ದೂರದಲ್ಲಿ ನಿಂತಿದ್ದ. ಕಮಲಾಕರ ಅವನನ್ನು ಹತ್ತಿರ ಕರೆದರು.

"ಚೆನ್ನಾಗಿ ಕೊಯ್ದಿದೀಯ ಉಜ್ಜಪ್ಪ. ನೆಟ್ಟಗೆ ಮಲಗಿದಾಳೆ, ನೋಡು."

ಉಜ್ಜಪ್ಪ ಅಂಚಿನಿಂದ ಹೊರಬಂದಿದ್ದ ಒಂದು ಕೊರಡನ್ನು ಒಳಕ್ಕೆ ಸರಿಸಿ ಹಿಂದೆ ಸರಿದ. ಕಮಲಾಕರ ದೇವರಿಗೆ ಕೈ ಮುಗಿದು ಬೆಂಕಿ ತೆಗೆದುಕೊಂಡರು.